ಲಕ್ಷ್ಮಕ್ಕ ಬರೆದ ಮೀಟರು

ಹೋದ ತಿಂಗಳು ಹಿರಿಯೂರಿನಲ್ಲಿ ನೆಂಟರೊಬ್ಬರ ಮದುವೆಗೆ ಹೋಗಿದ್ದೆ. ಛತ್ರದ ಮುಂದೆ ಬಿಸಿಲಿನಲ್ಲಿ ಯಾರದೋ ಹಳೇ ಅಂಬಾಸಿಡರ್ ಕಾರು ನಿಂತಿತ್ತು. ಹೂವಿನ ಹಾರ ಕಟ್ಟಿ ಮದುಮಗನಿಗಾಗಿ ಸಿಂಗರಿಸಿದ್ದರು. ಡ್ರೈವರ್ ಬಂದು ಬಾಗಿಲು ತೆಗೆದ. ಕಾದ ರೆಕ್ಸಿನ್ ಸೀಟು, ಪೆಟ್ರೋಲು, ಯಾವ ಕಾಲದ್ದೋ ಧೂಳು, ಮೂರೂ ಬೆರೆತ ವಾಸನೆಯೊಂದು ಒಳಗಿನಿಂದ ಬಂದು ಮುಖಕ್ಕೆ ತಾಗಿತು. ಊಟದ ಪಂಕ್ತಿಗೆ ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಬಗ್ಗಿ ಒಳಗೆ ನೋಡಿದೆ. ಸ್ಪೀಡು ತೋರಿಸುವ ಮೀಟರಿನ ಗಾಜು ಮಬ್ಬಾಗಿತ್ತು, ಅಂಕಿಗಳು ಅರ್ಧಂಬರ್ಧ ಉದುರಿದ್ದವು, ಸೂಜಿ ಸೊನ್ನೆಗಿಂತ ಕೆಳಗೆ ಜೋತುಬಿದ್ದಿತ್ತು.

"ಬರ್ರಿ, ಎಲೆ ಹಾಕ್ಯಾರೆ," ಎಂದಳು ನನ್ನ ಹೆಂಡತಿ ಗಿರಿಜಾ. ನನ್ನ ಮುಖ ನೋಡಿ ಅವಳಿಗೂ ತಿಳಿಯಿತು. "ಲಕ್ಷ್ಮಕ್ಕ ನೆನಪಾದಳಾ?" ಎಂದು ಕೇಳಿದಳು. ಹೌದೆಂದೆ.

ಆ ವರ್ಷ ನಾವು ಚಳ್ಳಕೆರೆಯಲ್ಲಿದ್ದೆವು. ಬಳ್ಳಾರಿ ರಸ್ತೆಯಲ್ಲಿ, ಎಣ್ಣೆ ಮಿಲ್ಲೊಂದರ ಕಾಂಪೌಂಡಿಗೆ ಒತ್ತಿಕೊಂಡು ನನ್ನ ವಾಚ್ ರಿಪೇರಿ ಅಂಗಡಿ. ಅಂಗಡಿಯೆಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಹೊತ್ತೆಷ್ಟೆಂದು ಜನ ಮೊಬೈಲಿನಲ್ಲಿ ನೋಡಿಕೊಳ್ಳಲು ಶುರುಮಾಡಿದ ಮೇಲೆ ನನ್ನ ಕೆಲಸ ಸೆಲ್ ಬದಲಿಸುವುದಕ್ಕೆ, ಬೆಲ್ಟು ಹಾಕುವುದಕ್ಕೆ ಇಳಿದಿತ್ತು. ಅಪ್ಪನಿಂದ ಕಲಿತ ಕೈಕಸುಬು ನನ್ನ ಕಣ್ಣೆದುರೇ ಸುಮ್ಮನೆ ಕೂತಿತ್ತು.

ಅಂಥದ್ದರಲ್ಲಿ ಗೆಳೆಯ ಬಾಷಾ ಒಂದು ದಿನ ಮಸಿಬಟ್ಟೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಅವನದು ಊರಾಚೆ ಗ್ಯಾರೇಜು. ಹಳೇ ಜೀಪು, ಹಳೇ ಕಾರುಗಳನ್ನು ಮತ್ತೆ ಓಡುವಂತೆ ಮಾಡಿಕೊಡುವುದರಲ್ಲಿ ಬಳ್ಳಾರಿ, ದಾವಣಗೆರೆಯವರೆಗೂ ಹೆಸರಾಗಿದ್ದವನು.

"ಲೇ ರುದ್ರಾ, ಇದು ಜೀಪಿಂದು ಮೀಟರು. ಗಾಡಿ ಓಡಿದ್ರೆ ಸೂಜಿ ದೆವ್ವ ಹಿಡಿದಂಗೆ ಕುಣೀತೈತೆ. ಬಿಚ್ಚಿ ನೋಡಿದೆ, ಒಳಗೆ ನಿನ್ನ ವಾಚಿನಂಗೇ ಸುರುಳಿ ಐತೆ. ನನ್ನ ದಪ್ಪ ಬೆರಳಿಗೆ ಬಗ್ಗಾಕಿಲ್ಲ ಇದು. ನೀನು ನೋಡು."

ನೋಡಿದೆ. ಚಕ್ರದಿಂದ ಬರುವ ತಂತಿ ಒಳಗಿನ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಕವುಚಿದ ತೆಳುವಾದ ಅಲ್ಯೂಮಿನಿಯಂ ಬಟ್ಟಲು ಅಯಸ್ಕಾಂತವನ್ನು ಮುಟ್ಟದೆಯೇ ಅದರ ಸೆಳೆತಕ್ಕೆ ತಿರುಗಲು ಹವಣಿಸುತ್ತದೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಆ ಬಟ್ಟಲನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎಳೆದಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಸೂಜಿ ನಿಲ್ಲುತ್ತದೆ. ಹಳೇ ಗ್ರೀಸು ಗಟ್ಟಿಯಾಗಿ ಅರಗಿನಂತೆ ಅಂಟಿಕೊಂಡಿತ್ತು. ತೊಳೆದು, ಸ್ಪ್ರಿಂಗು ನೇರಮಾಡಿ, ಸಣ್ಣ ಹನಿ ಎಣ್ಣೆ ಬಿಟ್ಟು ಕೊಟ್ಟೆ. ಸಂಜೆ ಬಾಷಾ ಆ ಜೀಪನ್ನು ಅಂಗಡಿ ಮುಂದೆಯೇ ತಂದು ನಿಲ್ಲಿಸಿ, ನನ್ನನ್ನು ಕೂರಿಸಿಕೊಂಡು ಪರಶುರಾಂಪುರದ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದ. ಸೂಜಿ ಕುಣಿಯಲಿಲ್ಲ. ವರ್ಷಗಳ ಮೇಲೆ ಅವತ್ತು ನನ್ನ ಕೈಬೆರಳುಗಳ ಬಗ್ಗೆ ನನಗೇ ಪ್ರೀತಿ ಹುಟ್ಟಿತು.

ಒಳಗಿನ ಯಂತ್ರ ನನಗೆ ಒಲಿಯಿತು. ಒಲಿಯದಿದ್ದುದು ಮುಖ. ನಮ್ಮ ಸೀಮೆಯ ಬಿಸಿಲಿಗೆ ಮೀಟರಿನ ಬಣ್ಣ ಸುಲಿದುಹೋಗುತ್ತದೆ, ಅಂಕಿಗಳು ಉದುರುತ್ತವೆ. ಸೂಜಿ ಸರಿಯಾಗಿ ನಿಂತರೂ ಅದು ಯಾವುದರ ಮೇಲೆ ನಿಂತಿದೆ ಎಂದು ತಿಳಿಯದಿದ್ದರೆ ಏನು ಬಂತು? ಸ್ಟಿಕ್ಕರ್ ಅಂಗಡಿಯಲ್ಲಿ ಅಂಕಿ ಹೊಡೆಸಿ ಅಂಟಿಸಿ ನೋಡಿದೆ. ಬಿಸಿಲಿಗೆ ನಿಂತ ಕಾರಿನೊಳಗಿನ ಕಾವಿಗೆ ಅದು ಹಪ್ಪಳದಂತೆ ಉಬ್ಬಿ ಸೂಜಿಗೇ ತಗುಲಿಕೊಂಡಿತು. ಬೋರ್ಡು ಬರೆಯುವವನಿಗೆ ಕೊಟ್ಟರೆ, "ಇಷ್ಟು ಸಣ್ಣದು ಬರೆಯೋಕೆ ನಾನೇನು ಇರುವೆನಾ?" ಎಂದು ವಾಪಸು ಕೊಟ್ಟ.

ಶಿವರಾತ್ರಿ ಕಳೆದ ಮೇಲೆ ಗಿರಿಜಾಳ ತಂಗಿಯ ಮಗಳ ಮದುವೆಗೆಂದು ಸೀರೆ ತರಲು ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ನೇಕಾರರ ಬೀದಿಯಲ್ಲಿ ನಾಗರಾಜಣ್ಣ ಎನ್ನುವವರ ಮನೆ. ಅವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಮಗ್ಗದಲ್ಲಿ ನೇಯುತ್ತಿದ್ದರು. ಗಿರಿಜಾ ಸೀರೆಗಳಲ್ಲಿ ಮುಳುಗಿದಳು. ನಾನು ಮೂಲೆಗೆ ನೋಡಿದೆ. ಐವತ್ತು ದಾಟಿದ ಹೆಂಗಸೊಬ್ಬಳು ಕಿಟಕಿಯ ಬೆಳಕಿಗೆ ಚೌಕುಳಿ ಕಾಗದ ಹರವಿಕೊಂಡು, ಸೀರೆಯ ಅಂಚಿನ ನವಿಲನ್ನು ಮನೆಮನೆಯಾಗಿ ಬಣ್ಣ ತುಂಬುತ್ತ ಬರೆಯುತ್ತಿದ್ದಳು. ಒಂದೊಂದು ಮನೆಯೂ ಸಾಸಿವೆ ಕಾಳಿನಷ್ಟು. ಕುಂಚದ ತುದಿಯಲ್ಲಿ ಕೂದಲು ಇದೆಯೋ ಇಲ್ಲವೋ ಎನ್ನುವಷ್ಟು. ಆ ಚಿತ್ರ ನೋಡಿಯೇ ಮಗ್ಗಕ್ಕೆ ರಟ್ಟು ಕೊರೆಯುತ್ತಾರೆ, ರಟ್ಟಿನಂತೆ ಮಗ್ಗ ನವಿಲು ನೇಯುತ್ತದೆ.

"ಈಗ ಇದನ್ನೆಲ್ಲ ಕಂಪ್ಯೂಟರಿನಾಗೆ ಮಾಡ್ತಾರೆ ಅಣ್ಣಾ," ಎಂದಳು ನಾನು ನೋಡುತ್ತಿರುವುದನ್ನು ಕಂಡು. "ಇದು ನಮ್ಮನೆ ಮಗ್ಗಕ್ಕೆ ಮಾತ್ರ. ಹೊರಗಿನೋರು ಯಾರೂ ಈಗ ನನ್ನ ಹತ್ರ ಬರೆಸಲ್ಲ."

ಅವಳೇ ಲಕ್ಷ್ಮಮ್ಮ. ನನಗೆ ಅವತ್ತಿನಿಂದ ಲಕ್ಷ್ಮಕ್ಕ. ನಾನು ಚೀಲದಲ್ಲಿದ್ದ ಜೀಪೊಂದರ ಮೀಟರಿನ ಮುಖದ ತಗಡು ತೆಗೆದು ಅವಳ ಮುಂದಿಟ್ಟೆ. ಸೀರೆ ತರಲು ಹೋಗುವಾಗಲೂ ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆನೆಂದು ಗಿರಿಜಾ ಇವತ್ತಿಗೂ ನಗುತ್ತಾಳೆ. ಲಕ್ಷ್ಮಕ್ಕ ತಗಡನ್ನು ಬೆಳಕಿಗೆ ಓರೆಯಾಗಿ ಹಿಡಿದಳು, ತಿರುಗಿಸಿದಳು, ಇನ್ನೊಮ್ಮೆ ಓರೆ ಹಿಡಿದಳು.

"ಅಂಕಿ ಉದುರ್‍ಯಾವೆ, ಆದ್ರೆ ಹೋಗಿಲ್ಲ. ನೋಡ್ರಿ ಇಲ್ಲಿ. ಸುತ್ತ ಬಿಸಿಲಿಗೆ ಬೆಳ್ಳಗಾಗೈತೆ, ಅಂಕಿ ಇದ್ದ ಜಾಗ ಮಾತ್ರ ಕಪ್ಪಗೆ ಉಳಿದೈತೆ. ಅದರ ಮೇಲೇ ಬರೆದ್ರೆ ಆಯ್ತು."

ಅಷ್ಟು ದಿನ ಆ ತಗಡನ್ನು ಭೂತಗನ್ನಡಿಯಲ್ಲಿ ನೋಡಿದ್ದ ನನಗೆ ಅದು ಕಂಡಿರಲಿಲ್ಲ. ಅವಳು ತೋರಿಸಿದ ಮೇಲೆ ಪ್ರತಿ ಅಂಕಿಯೂ ನೆರಳಿನಂತೆ ಮೇಲೆದ್ದು ಬಂತು. ವಾರ ಕಳೆದು ಹೋದಾಗ ಬರೆದು ಒಣಗಿಸಿ ಇಟ್ಟಿದ್ದಳು. ಕಾರ್ಖಾನೆಯಿಂದ ಬಂದದ್ದಲ್ಲ ಎಂದು ಯಾರಾದರೂ ಹೇಳಲಿ ನೋಡೋಣ ಎಂದು ಬಾಷಾ ಅದನ್ನು ಗ್ಯಾರೇಜಿಗೆ ಬಂದವರಿಗೆಲ್ಲ ತೋರಿಸಿದ. ಯಾರೂ ಹೇಳಲಿಲ್ಲ. ಅಲ್ಲಿಂದ ನಮ್ಮಿಬ್ಬರ ಜೋಡಿ ಕೆಲಸ ಶುರುವಾಯಿತು. ಒಡಲು ನನ್ನದು, ಮುಖ ಅವಳದು. ಬಸ್ಸಿನಲ್ಲಿ ಬಟ್ಟೆ ಸುತ್ತಿದ ಮೀಟರುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಮೊಳಕಾಲ್ಮೂರಿಗೆ ಹೋಗಿಬರತೊಡಗಿದೆ.

ಬೇಸಿಗೆಯಲ್ಲಿ ಡಾಕ್ಟರಮ್ಮನ ಕಾರು ಬಂತು. ಪರಶುರಾಂಪುರದ ಕಡೆ ಅವರನ್ನು ಎಲ್ಲರೂ ಡಾಕ್ಟರಮ್ಮ ಅಂತಲೇ ಕರೆಯುತ್ತಿದ್ದರು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಮೇಲೂ ಊರು ಬಿಟ್ಟಿರಲಿಲ್ಲ. ವಾರದಲ್ಲಿ ಕೆಲವು ದಿನ ತಮ್ಮ ಹಳೇ ಅಂಬಾಸಿಡರನ್ನು ತಾವೇ ಓಡಿಸಿಕೊಂಡು, ಕುರಿಯವರ ಹಟ್ಟಿಗಳಿಗೆ ಹೋಗಿ ಬಸುರಿಯರನ್ನು, ಎಳೆಮಕ್ಕಳನ್ನು ನೋಡಿ ಬರುತ್ತಿದ್ದರು. ಕಾರಿನ ಮೀಟರು ಯಾವುದೂ ನಡೆಯುತ್ತಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಓಡಿಸುತ್ತಿದ್ದರು. ಆ ಬೇಸಿಗೆ ನನ್ನಿವಾಳದ ಹತ್ತಿರ ರೇಡಿಯೇಟರಿನ ನೀರು ಬತ್ತಿ ಎಂಜಿನ್ ಕಾದು ಸೀಳು ಬಿಟ್ಟಿತು. ಕಾವು ತೋರಿಸುವ ಸೂಜಿ ಮಾತ್ರ ತಣ್ಣಗಿದೆ ಎನ್ನುತ್ತಲೇ ಇತ್ತು.

ಬಾಷಾ ಎಂಜಿನ್ ಬಿಚ್ಚಿ ಹೊಸದರಂತೆ ಕಟ್ಟಿದ. ಕಾರು ಮಾತ್ರ ಕೊಡಲಿಲ್ಲ.

"ಮೇಡಂ, ಮೀಟರು ಸುಳ್ಳು ಹೇಳ್ತಿದ್ರೆ ಈ ಎಂಜಿನ್ನೂ ಹೋಗ್ತದೆ. ಇನ್ನೊಂದು ಸಲ ಸೀಳಿದ್ರೆ ನನ್ನ ಕೈಯಾಗೂ ಆಗಲ್ಲ. ಅದು ಸರಿಯಾಗಲಿ, ಆಮೇಲೆ ಒಯ್ಯಿರಿ. ಬೇಕಂದ್ರೆ ಹೊಸಾದು ಒಂದು ತಂದು ಸ್ಟೇರಿಂಗ್ ಕೆಳಗೆ ಸಿಕ್ಕಿಸ್ತೀನಿ."

"ಕೆಳಗೆ ಬೇಡ ಬಾಷಾ. ನಾನು ರಸ್ತೆ ನೋಡಲೋ, ಮೊಣಕಾಲು ನೋಡಲೋ? ಇದ್ದ ಜಾಗದಲ್ಲೇ ಇರಲಿ," ಎಂದರು ಡಾಕ್ಟರಮ್ಮ. ನನ್ನ ಕಡೆ ತಿರುಗಿ, "ಎಷ್ಟು ದಿನ ಬೇಕು ರುದ್ರಪ್ಪ?" ಎಂದು ಕೇಳಿದರು. ಬೇಗ ಮಾಡಿಕೊಡುತ್ತೇನೆ ಎಂದೆ.

ಗಾಜು ತೆಗೆದಾಗ ಅಂಕಿಗಳು ಎಳ್ಳಿನಂತೆ ತಳದಲ್ಲಿ ಉದುರಿಬಿದ್ದಿದ್ದವು. ಒಳಗೆ ಕಾವಿನ ಮೀಟರಿನ ಎಳೆತಂತಿ ಸುಟ್ಟು ತುಂಡಾಗಿತ್ತು. ಅದನ್ನು ಹೊಸದಾಗಿ ಸುತ್ತಿ, ಎಂಜಿನ್ನಿಗೆ ಸಿಕ್ಕಿಸಿದಾಗ ಕಾವು ಅಳೆಯುವ ಅದರ ತಿರುಪನ್ನು ಅಡುಗೆಮನೆಯಲ್ಲಿ ನೀರಿನ ಪಾತ್ರೆಗೆ ಇಳಿಬಿಟ್ಟೆ. ನೀರು ಕಾದಂತೆ ಸೂಜಿ ಎಲ್ಲೆಲ್ಲಿ ನಿಲ್ಲುತ್ತದೆಂದು ಗುರುತು ಮಾಡಿಕೊಂಡೆ. "ಸಾರು ಕುದಿಯೋ ಒಲೆ ಮೇಲೆ ಕಾರು ಬೇಯಿಸ್ತೀರಲ್ಲ," ಎಂದು ಗಿರಿಜಾ ಬೈಯುತ್ತಲೇ ಥರ್ಮಾಮೀಟರು ಹಿಡಿದುಕೊಂಡು ನಿಂತಳು. ಆ ಗುರುತುಗಳ ಸಮೇತ ಎರಡೂ ಮೀಟರುಗಳ ತಗಡುಗಳನ್ನು ಲಕ್ಷ್ಮಕ್ಕನಿಗೆ ಕೊಟ್ಟುಬಂದೆ.

ಅಷ್ಟರಲ್ಲಿ ಆಷಾಢ ಕಾಲಿಟ್ಟಿತು. ನಮ್ಮ ಕಡೆ ಆಷಾಢವೆಂದರೆ ಮಳೆಯಲ್ಲ, ಗಾಳಿ. ಹಗಲೆಲ್ಲ ಬೀಸಿ ಬೀಸಿ ಹೊಲದ ಕೆಮ್ಮಣ್ಣನ್ನು ತಂದು ಮನೆಯೊಳಗೆ ಸುರಿಯುತ್ತದೆ. ಹಸಿ ಬಣ್ಣಕ್ಕೆ ಧೂಳು ವೈರಿ. ಲಕ್ಷ್ಮಕ್ಕನ ಮಗ್ಗದ ಕೋಣೆಗೆ ಗಾಳಿ ನುಗ್ಗುವುದಿಲ್ಲ, ರೇಷ್ಮೆ ಎಳೆ ಹರಿಯದಿರಲೆಂದು ಅದನ್ನು ತಂಪಾಗಿ ಮುಚ್ಚಿಟ್ಟಿರುತ್ತಾರೆ. ಹಾಗಾಗಿ ನನಗೆ ಧೈರ್ಯವಿತ್ತು. ಆದರೆ ಅವಳಿಂದ ಸುದ್ದಿಯೇ ಇಲ್ಲ. ಫೋನು ಮಾಡಿದರೆ, "ಆಗ್ತೈತಣ್ಣ, ಆಗ್ತೈತೆ," ಎನ್ನುವಳು. ಇತ್ತ ಹಟ್ಟಿಯ ಹೆಂಗಸರು ಸಂತೆಗೆ ಬಂದಾಗ ಗ್ಯಾರೇಜಿಗೆ ಬಂದು, "ಡಾಕ್ಟರಮ್ಮನ ಕಾರು ಯಾವಾಗ ಬಿಡ್ತೀಯಪ್ಪ?" ಎಂದು ಬಾಷಾನನ್ನು ಕೇಳುತ್ತಿದ್ದರಂತೆ. ಡಾಕ್ಟರಮ್ಮ ಬಸ್ಸಿನಲ್ಲಿ ಸಾಧ್ಯವಾದಷ್ಟು ಊರುಗಳಿಗೆ ಹೋಗುತ್ತಿದ್ದರು. ಬಸ್ಸು ಹೋಗದ ಹಟ್ಟಿಗಳಿಗೆ ಯಾರದಾದರೂ ಟ್ರ್ಯಾಕ್ಟರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೊನೆಗೆ ನಾನೇ ಮೊಳಕಾಲ್ಮೂರಿಗೆ ಹೋದೆ. ಲಕ್ಷ್ಮಕ್ಕ ಕಾಫಿ ತಂದಳು. ಲೋಟ ತಟ್ಟೆಯ ಮೇಲೆ ಗಿಲಗಿಲ ಎನ್ನುತ್ತಿತ್ತು. ನಾನು ಅವಳ ಕೈ ನೋಡಿದೆ. ಅವಳು ಮರೆಮಾಡಲಿಲ್ಲ.

"ಯುಗಾದಿ ಆದಮೇಲೆ ಶುರುವಾತಣ್ಣ. ಮೊದಮೊದಲು ಆಯಾಸ ಅನ್ಕೊಂಡೆ. ಈಗ ಕುಂಚ ಹಿಡಿದ್ರೆ ಸಾಕು, ನಡುಕ. ಕೈ ನನ್ನ ಮಾತು ಕೇಳವಲ್ದು." ಅವಳ ಗಂಡ ನಾಗರಾಜಣ್ಣ ಮಗ್ಗ ನಿಲ್ಲಿಸಿ, "ಏಮಿ ಕಾದು, ಏನೂ ಆಗಲ್ಲ," ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿ ತಲೆ ತಗ್ಗಿಸಿದರು. ತಗಡುಗಳ ಮೇಲೆ ಬರೆದು ಬರೆದು ಒರೆಸಿದ ಗುರುತುಗಳಿದ್ದವು. "ಬೇರೆ ಯಾರಾದ್ರೂ ಸಿಕ್ಕರೆ ಕೊಡಿ," ಎಂದು ಅವನ್ನು ನನ್ನ ಕೈಗಿಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಗುಡ್ಡದ ಬಂಡೆಗಳನ್ನು ನೋಡುತ್ತ ಕೂತಿದ್ದೆ. ತೊಡೆಯ ಮೇಲಿನ ತಗಡುಗಳು ಅಷ್ಟು ಭಾರವೆಂದು ಹಿಂದೆಂದೂ ಅನ್ನಿಸಿರಲಿಲ್ಲ. ನನ್ನ ಕಸುಬು ಕೂಡ ಅವತ್ತಿಗೆ ಮುಗಿಯಿತೆಂದುಕೊಂಡೆ.

ಡಾಕ್ಟರಮ್ಮನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕಾರಿನ ವಿಷಯ ಬಿಟ್ಟು, "ಆಕೆಯನ್ನು ಯಾರಾದರೂ ನೋಡಿದ್ದಾರಾ?" ಎಂದರು. ಮರುದಿನ ನನ್ನ ಜೊತೆ ಬಸ್ಸು ಹತ್ತಿದರು. ಮಗ್ಗದ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಲಕ್ಷ್ಮಕ್ಕನ ಕೈ ಹಿಡಿದು, ಚಾಚಲು ಹೇಳಿ, ಮಡಿಸಲು ಹೇಳಿ, ನೀರು ಕುಡಿಯಲು ಹೇಳಿ ಬಹಳ ಹೊತ್ತು ನೋಡಿದರು.

"ಇದು ಹೆದರೋ ರೋಗ ಅಲ್ಲ ಲಕ್ಷ್ಮಮ್ಮ. ಲಕ್ವಾ ಹೊಡೆಯುತ್ತೆ ಅಂತೆಲ್ಲ ಅಂದುಕೋಬೇಡ. ಕೆಲವರಿಗೆ ಕೈ ಹೀಗೆ ನಡುಗುತ್ತೆ. ಮಾತ್ರೆ ಕೊಡ್ತೀನಿ, ಸ್ವಲ್ಪ ತಗ್ಗುತ್ತೆ. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ."

"ಹಂಗಾದ್ರೆ ನಿಮ್ಮ ಮೀಟರು?"

"ನೀನೇ ಬರಿ. ನಿನಗೆ ಆದಾಗ ಬರಿ. ಇಷ್ಟು ದಿನ ಟ್ರ್ಯಾಕ್ಟರಿನಲ್ಲಿ ಹೋಗಿದ್ದೀನಿ, ಇನ್ನಷ್ಟು ದಿನ ಹೋಗ್ತೀನಿ."

ಲಕ್ಷ್ಮಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ತಂದಿದ್ದ ತಗಡುಗಳನ್ನು ಮತ್ತೆ ತೆಗೆದುಕೊಂಡಳು. ಆಮೇಲೆ ಮಗ್ಗದ ಕಡೆ ನೋಡಿದಳು. ನಾಗರಾಜಣ್ಣ ಒಂದಷ್ಟು ನೇಯ್ದು, ನೇಯ್ದ ಸೀರೆಯನ್ನು ಮುಂದಿನ ದಿಂಡಿಗೆ ಸುತ್ತಿಕೊಂಡು, ಮತ್ತೆ ನೇಯತೊಡಗಿದರು.

"ಅಣ್ಣಾ," ಎಂದಳು, "ನೇಯೋರು ಕುಂತ ಜಾಗ ಬಿಟ್ಟು ಏಳ್ತಾರಾ? ಬಟ್ಟೆನೇ ಅವರತ್ರ ಬರ್ತೈತೆ. ನನ್ನ ಕೈ ಓಡಾಡಿದ್ರೆ ತಾನೆ ನಡುಗೋದು? ಕೈಯನ್ನ ಒಂದು ಕಡೆ ಕಟ್ಟಿಹಾಕಿ, ತಗಡನ್ನೇ ತಿರುಗಿಸಿದ್ರೆ?"

ಅಂಗಡಿಗೆ ಬಂದವನೇ ಅಪ್ಪನ ಕಾಲದ ಗೋಡೆ ಗಡಿಯಾರವೊಂದನ್ನು ಬಿಚ್ಚಿದೆ. ಅದರ ಹಿತ್ತಾಳೆ ಗಾಲಿಗಳಿಂದ, ಬೆರಳಿನಲ್ಲಿ ಮೆಲ್ಲನೆ ತಿರುಗಿಸಿದರೆ ಕೂದಲೆಳೆಯಷ್ಟೇ ಸರಿಯುವ ತಿರುಗುಮಣೆಯೊಂದನ್ನು ಮಾಡಿದೆ. ಬಾಷಾ ಅದಕ್ಕೆ ಕಬ್ಬಿಣದ ಅಡಿ, ಕುಂಚ ಹಿಡಿಯುವ ತೋಳು ಬೆಸೆದುಕೊಟ್ಟ. ಮೀಟರಿನ ಸುತ್ತಿನ ಗೆರೆಗಳಿಗೆ ಅದು ಸಾಕಾಯಿತು. ಕುಂಚ ಒಂದೇ ಕಡೆ ನಿಂತಿತು, ಅದರ ಕೆಳಗೆ ತಗಡು ತಿರುಗಿತು, ಗೆರೆ ನೂಲು ಹಿಡಿದಂತೆ ಬಂತು.

ಅಂಕಿಗಳಿಗೆ ಮಾತ್ರ ಕೈಯೇ ಬೇಕಿತ್ತು. ಡಾಕ್ಟರಮ್ಮ, "ಮಣಿಕಟ್ಟಿಗೆ ಭಾರ ಹಾಕಿ ನೋಡು, ನಡುಕ ಕಮ್ಮಿಯಾಗುತ್ತೆ," ಎಂದಿದ್ದರು. ಲಕ್ಷ್ಮಕ್ಕ ಹಳೇ ರೇಷ್ಮೆ ತುಂಡಿನಲ್ಲಿ ಪಟ್ಟಿ ಹೊಲಿದು, ಮರಳು ತುಂಬಿ ಮಣಿಕಟ್ಟಿಗೆ ಕಟ್ಟಿಕೊಂಡಳು. ಬೆಳಗ್ಗೆ ಎದ್ದು, ಯಾರೊಡನೆಯೂ ಮಾತಾಡದೆ, ಕೈ ಇನ್ನೂ ದಣಿಯದ ಹೊತ್ತಿನಲ್ಲಿ ಬರೆಯುವಳು. ಒಂದು ಅಂಕಿ ಕೆಟ್ಟರೆ ಒರೆಸಿ, ಮಗ್ಗದ ಬಾಬಿನಿಗೆ ನೂಲು ಸುತ್ತುವಳು, ಅಡುಗೆ ಮಾಡುವಳು, ಮತ್ತೆ ಬಂದು ಕೂರುವಳು. ಒಮ್ಮೆ ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಿಗಿಹಿಡಿದ ತುಟಿ, ಹಣೆಯ ಮೇಲೆ ಬೆವರು, ಅಲುಗುವ ಕೈ. ಕುಂಚದ ತುದಿ ತಗಡನ್ನು ತಾಗುವ ಹೊತ್ತಿಗೆ ಆ ಅಲುಗಾಟ ಹೇಗೋ ನಿಂತಿರುತ್ತಿತ್ತು. ನಾನು ಸದ್ದು ಮಾಡದೆ ಹಿಂದಕ್ಕೆ ಸರಿದು, ಹೊರಗೆ ಜಗಲಿಯ ಮೇಲೆ ಕೂತೆ. ದೇವರ ಕೋಣೆಯ ಮುಂದೆ ಕೂತ ಹಾಗಿತ್ತು.

ಗಾಳಿ ನಿಂತು, ಶ್ರಾವಣ ಕಳೆದು, ನಮ್ಮ ಸೀಮೆಗೆ ಬರುವ ಹಿಂಗಾರಿನ ಮೊದಲ ಮಳೆ ಬಿದ್ದ ಮೇಲೆ ಫೋನು ಬಂತು. "ಬರ್ರಣ್ಣ, ಒಯ್ಯಿರಿ," ಎಂದಳು, ಅಷ್ಟೇ.

ಅವಳು ಕುಂಚ ಕೆಳಗಿಡಲಿಲ್ಲ. ಆ ತಿರುಗುಮಣೆಯ ಮೇಲೆ ಆಮೇಲೆ ಎಷ್ಟೋ ಜೀಪು, ಕಾರು, ಬುಲೆಟ್ಟುಗಳ ಮೀಟರು ಬರೆದಳು. ನಿಧಾನವಾಗುತ್ತಿತ್ತು, ಕಾಯುವವರು ಕಾಯುತ್ತಿದ್ದರು. ನಾವು ಚಿತ್ರದುರ್ಗಕ್ಕೆ ಬಂದ ಮೇಲೂ ನಮ್ಮ ಜೋಡಿ ಕೆಲಸ ನಿಂತಿಲ್ಲ. ನಾನು ಬಹಳ ಜನ ಕೈಗೆಲಸದವರನ್ನು ನೋಡಿದ್ದೇನೆ. ಕೈ ಚೆನ್ನಾಗಿದ್ದಾಗ ಚೆನ್ನಾಗಿ ಮಾಡುವವರು ಅನೇಕರಿದ್ದಾರೆ. ಕೈ ಕೈಬಿಟ್ಟ ಮೇಲೂ ಕೆಲಸವನ್ನು ಕೈಬಿಡದವಳು ಅವಳೊಬ್ಬಳೇ.

ಆ ಫೋನು ಬಂದು, ಮೀಟರುಗಳನ್ನು ತಂದು ಕಾರಿಗೆ ಕೂರಿಸಿದ ಮೇಲೆ ಡಾಕ್ಟರಮ್ಮ ಮೊದಲು ಹೊರಟಿದ್ದು ಮೊಳಕಾಲ್ಮೂರಿಗೆ. ಹಿಂದಿನ ಸೀಟಿನಲ್ಲಿ ಬಾಷಾ ಮತ್ತು ನಾನು. ಮನೆಯ ಮುಂದೆ ಕಾರು ನಿಲ್ಲಿಸಿ, "ಬಾ ಲಕ್ಷ್ಮಮ್ಮ, ಒಂದು ಸುತ್ತು ಹೋಗಿಬರೋಣ," ಎಂದು ಕರೆದರು. ಲಕ್ಷ್ಮಕ್ಕ ಹಿಂದಿನ ಬಾಗಿಲಿಗೆ ಕೈ ಹಾಕಿದಳು. "ಅಲ್ಲಲ್ಲ, ಇಲ್ಲಿ ಮುಂದೆ," ಎಂದು ತಮ್ಮ ಪಕ್ಕದ ಸೀಟು ತಟ್ಟಿದರು. ಇಷ್ಟೆಲ್ಲ ಮೀಟರು ಬರೆದವಳು, ಅದರಲ್ಲಿ ಒಂದಾದರೂ ಓಡುವ ಗಾಡಿಯಲ್ಲಿ ನಡೆಯುವುದನ್ನು ನೋಡಿರಲಿಲ್ಲ ಎಂದು ನನಗೆ ಹೊಳೆದಿದ್ದು ಆಗಲೇ. ನಾಗರಾಜಣ್ಣ ನಮ್ಮ ಜೊತೆ ಹಿಂದೆ ಕೂತರು.

ಹೆದ್ದಾರಿಗೆ ಬಂದೆವು. ಮಳೆ ಬಿದ್ದು ಶೇಂಗಾ ಹೊಲಗಳು ಹಸಿರಾಗಿದ್ದವು. ಕಾವಿನ ಸೂಜಿ ಮೆಲ್ಲಗೆ ಎದ್ದು ನಡುವೆ ನಿಂತಿತು. ವೇಗದ ಸೂಜಿ ಇಪ್ಪತ್ತು ದಾಟಿತು, ನಲವತ್ತು ದಾಟಿತು, ಐವತ್ತರ ಹತ್ತಿರ ನಿಂತಿತು. ಲಕ್ಷ್ಮಕ್ಕ ರಸ್ತೆ ನೋಡುತ್ತಿರಲಿಲ್ಲ, ಹೊಲ ನೋಡುತ್ತಿರಲಿಲ್ಲ.

"ಡಾಕ್ಟರಮ್ಮ, ಇನ್ನೊಂಚೂರು ಜೋರು ಹೋಗ್ತೀರಾ?"

"ಯಾಕೆ, ಏನಾದರೂ ಅವಸರ ಇದೆಯಾ?"

"ಅವಸರ ಏನಿಲ್ರಿ. ಆ ಎಂಬತ್ತು ಬರೆಯೋದ್ರಾಗೆ ಸಾಕಾಗಿಹೋಯ್ತು ನನಗೆ. ಅದರ ಎಂಟಕ್ಕೆ ಎರಡು ಸುತ್ತು, ಒಂದು ಕೂಡಿದ್ರೆ ಒಂದು ಕೂಡಲ್ಲ. ಎಷ್ಟು ಸಲ ಒರೆಸೀನೋ ದೇವರಿಗೇ ಗೊತ್ತು. ಸೂಜಿ ಅಲ್ಲಿಗೆ ಒಂದ್ಸಲ ಬರ್ಲಿ, ನೋಡ್ಬೇಕು."

ಡಾಕ್ಟರಮ್ಮ ಕನ್ನಡಿ ನೋಡಿಕೊಂಡರು. ಮುಂದೆ ರಸ್ತೆ ನೇರವಾಗಿ ಬಯಲಾಗಿತ್ತು. ತುಳಿದರು. ಹಳೇ ಕಾರು ಗದರುತ್ತ ಮೈ ಅಲುಗಿಸುತ್ತ ಓಡಿತು. ಬಾಷಾ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಸೂಜಿ ಅರವತ್ತಕ್ಕೆ ಬಂತು, ಎಪ್ಪತ್ತಕ್ಕೆ ಬಂತು, ಇನ್ನಷ್ಟು ಏರಿ ಎಂಬತ್ತರ ನೆತ್ತಿಯ ಮೇಲೆ ಬಂದು ಅಲುಗದೆ ನಿಂತಿತು.

ಲಕ್ಷ್ಮಕ್ಕ ಮುಂದಕ್ಕೆ ಬಗ್ಗಿ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಸೀಟಿಗೆ ಒರಗಿ, "ಸಾಕ್ರಿ," ಎಂದಳು. "ಇನ್ನು ನಿಧಾನಕ್ಕೆ ಹೋಗ್ರಿ, ಎಂಜಿನ್ ಕಾದೀತು. ಹಟ್ಟಿ ಹೆಂಗಸರು ನಿಮಗೆ ಕಾಯ್ತಿರ್ತಾರೆ."